ಬೀಳುವುದಕ್ಕೊಂದು ಜಾಗ

ಕಲಿಸುವವನು ಕೈ ಹಿಡಿದೇ ಇರಬೇಕೋ, ಒಂದು ಹೊತ್ತಿಗೆ ಬಿಡಬೇಕೋ? ಬಿಟ್ಟ ಮೇಲೆ ಕಲಿಯುವವನು ಬಿದ್ದರೆ ಆ ಹೊಣೆ ಯಾರದು? ಈ ಪ್ರಶ್ನೆ ಮೇಷ್ಟ್ರುಗಳಿಗೂ ಐತೆ, ಹೆತ್ತವರಿಗೂ ಐತೆ, ನಮ್ಮಂಥ ಹಾಡೋ ಮೇಳದ ಹಿರಿಯರಿಗೂ ಐತೆ. ನಾನು ಓದಿದ್ದು ಏಳನೇ ಕ್ಲಾಸು. ಶಾಸ್ತ್ರದ ಮಾತು ನನಗೆ ಗೊತ್ತಿಲ್ಲ. ಗೊತ್ತಿರೋದು ಗದ್ದೆ, ಎತ್ತು, ನೀರು, ಹಾಡು. ಅದಕ್ಕೇ ಈ ಪ್ರಶ್ನೆಯನ್ನ ನನಗೆ ಗೊತ್ತಿರೋ ಹಲಗೆ ಮೇಲೆ ನಿಲ್ಲಿಸಿ ನೋಡ್ತೀನಿ. ಓದೋ ಅಣ್ಣಂದಿರು ಅಕ್ಕಂದಿರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಈಗಿನ ಹುಡುಗರು ಫೋನಿನಲ್ಲಿ ಒಂದು ಆಟ ತೋರಿಸ್ತಾರೆ. ಹೆಸರು ವೇಕ್‌ಬೋರ್ಡಿಂಗ್ ಅಂತೆ. ಮೋಟಾರು ದೋಣಿ ಮುಂದೆ ಹೋಗ್ತದೆ. ಅದಕ್ಕೆ ಉದ್ದನೆ ಹಗ್ಗ, ಹಗ್ಗದ ತುದಿಗೆ ಒಂದು ಹಿಡಿ. ಎರಡೂ ಕಾಲನ್ನ ಒಂದೇ ಹಲಗೆಗೆ ಬಿಗಿದುಕೊಂಡ ಮನುಷ್ಯ ಆ ಹಿಡಿ ಹಿಡಿದು, ದೋಣಿ ಎಬ್ಬಿಸಿದ ಅಲೆ ಮೇಲೆ ಪಕ್ಕಕ್ಕೆ ತಿರುಗಿ ನಿಂತು ಜಾರಿಕೊಂಡು ಹೋಗ್ತಾನೆ. ನೋಡೋಕೆ ಚೆಂದ. ಮೊಮ್ಮಗಳು ತೋರಿಸಿ, "ತಾತ, ಇಂಥದ್ದು ನಿನ್ನ ಕಾಲದಾಗೆ ಇತ್ತಾ?" ಅಂದಳು. ಇತ್ತು ಅಂದೆ. ದೋಣಿ ಬದಲು ಜೋಡೆತ್ತು, ಅಲೆ ಬದಲು ಕೆಸರು. ಮಿಕ್ಕಿದ್ದೆಲ್ಲ ಅದೇ.

ನಮ್ಮ ಸೀಮೆ ಮಳೆ ಕಡಿಮೆ ಸೀಮೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಬಿದ್ದರೆ ಬಿತ್ತು. ಆದರೂ ಕೆರೆ ತುಂಬಿದ ವರ್ಷ ಏರಿ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ ನಾಟಿ ಆಗ್ತಿತ್ತು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಕೆಸರುಳುಮೆ ಮಾಡಿ, ಆಮೇಲೆ ಮಟ್ಟ ಮಾಡಬೇಕು. ಮಟ್ಟ ಇಲ್ಲದ ಮಡಿಯಲ್ಲಿ ಒಂದು ಕಡೆ ಪೈರು ಮುಳುಗ್ತದೆ, ಇನ್ನೊಂದು ಕಡೆ ಒಣಗ್ತದೆ. ಅದಕ್ಕೆ ಒಂದಾಳುದ್ದದ ದಪ್ಪ ಹಲಗೆಯನ್ನ ಎತ್ತಿನ ನೊಗಕ್ಕೆ ಕಟ್ಟಿ ಎಳೆಸ್ತಿದ್ರು. ಹಲಗೆಗೆ ಭಾರ ಬೇಕು. ಆ ಭಾರಕ್ಕೆ ಮೊದಲು ಹುಡುಗರನ್ನ ಕೂರಿಸ್ತಿದ್ರು. ಕೂತು ಕೂತು ಅಭ್ಯಾಸ ಆದ ಮೇಲೆ ಹಗ್ಗ ಕೈಗೆ ಕೊಟ್ಟು ನಿಲ್ಲಿಸ್ತಿದ್ರು. ಮೊದಲು ಭಾರ, ಆಮೇಲೆ ಸವಾರ. ಯಾವ ವಿದ್ಯೆಯಲ್ಲೂ ಕ್ರಮ ಇದೇ ಅಂತ ನನಗೆ ಅನ್ನಿಸ್ತದೆ.

ಇದನ್ನೇ ದೊಡ್ಡ ಆಟ ಮಾಡಿಕೊಂಡವರು ಕರಾವಳಿಯವರು. ಹಾಡೋ ಮೇಳದ ಜೊತೆ ಮಂಗಳೂರು ಕಡೆ ಹೋಗಿದ್ದಾಗ ಕಂಬಳ ನೋಡಿದೆ. ಕೆಸರು ನೀರು ತುಂಬಿದ ಉದ್ದನೆ ಓಟದ ಗದ್ದೆಗೆ ಅವರು ಕರೆ ಅಂತಾರೆ. ಎರಡು ಕರೆ ಅಕ್ಕಪಕ್ಕ ಇದ್ದರೆ ಜೋಡುಕರೆ. ಅದರಲ್ಲಿ ಹಗ್ಗದ ಓಟ, ನೇಗಿಲ ಓಟ, ಅಡ್ಡ ಹಲಗೆ, ಕನೆಹಲಗೆ ಅಂತ ಬೇರೆ ಬೇರೆ ಬಗೆ ಅವೆ. ಅಡ್ಡ ಹಲಗೆಯಲ್ಲಿ ಓಡಿಸುವವನು ಕೋಣಗಳ ಹಿಂದೆ ಹಲಗೆ ಮೇಲೆ ನಿಂತೇ ಹೋಗ್ತಾನೆ. ಕನೆಹಲಗೆಯಲ್ಲಿ ತೂತು ಇರೋ ಮರದ ತುಂಡಿನ ಮೇಲೆ ಕಾಲಿಟ್ಟು ಒತ್ತಿ ಹೋದಾಗ ನೀರು ಕಾರಂಜಿ ಹಂಗೆ ಮೇಲಕ್ಕೆ ಹಾರ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಗೆ ಆ ನೀರು ತಾಗಬೇಕು. ಎಳೆಯೋ ಪ್ರಾಣಿಗೆ ಹಿಂಸೆ ಆಗ್ತದೆ ಅಂತ ಈ ಆಟ ಕೋರ್ಟಿಗೂ ಹೋಗಿತ್ತು. ಕರ್ನಾಟಕ ಸರ್ಕಾರ 2017ರಲ್ಲಿ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಸರಿ ಅಂತ ಒಪ್ಪಿತು. ಎಳೆಸಿಕೊಳ್ಳುವವನಿಗೆ ಎಳೆಯುವವನ ನೋವು ಗೊತ್ತಿರಬೇಕು ಅನ್ನೋ ಮಾತು ಮಾತ್ರ ಕೋರ್ಟು ಹೇಳಿದರೂ ಸರಿ, ಹೇಳದಿದ್ದರೂ ಸರಿ, ಇದ್ದೇ ಇರ್ತದೆ.

ಹೊಸಬನಿಗೆ ಹಲಗೆ ಮೇಲೆ ನಿಲ್ಲೋದು ಹೇಳಿಕೊಡುವಾಗ ನಮ್ಮ ಹಿರಿಯರು ನಾಲ್ಕೇ ಮಾತು ಹೇಳ್ತಿದ್ರು. ದೋಣಿ ಹಿಂದಿನ ಹಲಗೆಯವರೂ ಹೊಸಬರಿಗೆ ಅದೇ ನಾಲ್ಕು ಮಾತು ಹೇಳ್ತಾರೆ ಅಂತ ಮೊಮ್ಮಗಳು ಓದಿ ಹೇಳಿದಾಗ ನನಗೆ ಆಶ್ಚರ್ಯ ಆಯ್ತು. ಸಮುದ್ರದ ಆಚೆಯವರಿಗೂ ನಮಗೂ ನೀರು ಒಂದೇ ಪಾಠ ಹೇಳೈತೆ.

ಮೊದಲನೇದು, ಕುಕ್ಕರಗಾಲಲ್ಲಿ ಕೂತಿರು, ನಿಲ್ಲೋಕೆ ಆತುರ ಬೇಡ. ಎತ್ತು ಹೆಜ್ಜೆ ಹಾಕಿ, ಹಲಗೆ ಕೆಸರಿನ ಮೇಲೆ ಸಲೀಸಾಗಿ ಜಾರೋಕೆ ಶುರುವಾದ ಮೇಲೆ ಮೆಲ್ಲಗೆ ಏಳಬೇಕು. ಆಟದವರೂ ಮೊಣಕಾಲು ಎದೆಗೆ ತಂದುಕೊಂಡು ನೀರಿನಲ್ಲಿ ಉಂಡೆಯಾಗಿ ಕೂತಿರ್ತಾರಂತೆ. ದೋಣಿ ಎಳೆದಾಗ ನೀರೇ ಅವರನ್ನ ಎತ್ತಿ ನಿಲ್ಲಿಸ್ತದೆ. ತಾನಾಗಿ ಎದ್ದು ನಿಲ್ತೀನಿ ಅಂತ ಹೊರಟವನು ಬೀಳ್ತಾನೆ.

ಎರಡನೇದು, ಹಗ್ಗವನ್ನ ನಿನ್ನ ಕಡೆಗೆ ಎಳೀಬೇಡ. ಕೈ ನೀಟಾಗಿ ಚಾಚಿರಲಿ. ಹೊಸಬ ಭಯಕ್ಕೆ ಹಗ್ಗವನ್ನ ಎದೆಗೆ ಎಳೆದುಕೊಳ್ತಾನೆ. ಎಳೆದರೆ ಎತ್ತು ನಿಲ್ತದೆ, ಹಲಗೆ ಮುಗ್ಗರಿಸ್ತದೆ, ಮುಖ ಕೆಸರಿಗೆ ಹೋಗ್ತದೆ. ಎಳೆಯೋ ಕೆಲಸ ಎತ್ತಿಂದು. ನಿನ್ನ ಕೆಲಸ ಹಿಡಿದು ನಿಲ್ಲೋದು.

ಮೂರನೇದು, ಕಾಲು ನೋಡಬೇಡ, ಎತ್ತಿನ ಕೊಂಬಿನ ನಡುವೆ ಕಾಣೋ ಬದು ನೋಡು. ಕಾಲು ನೋಡಿದರೆ ತಲೆ ಬಗ್ತದೆ. ತಲೆ ಬಗ್ಗಿದ ಕಡೆಗೇ ಮೈ ಬೀಳ್ತದೆ.

ನಾಲ್ಕನೇದು, ಬೀಳ್ತೀನಿ ಅಂತ ಗೊತ್ತಾದ ಕೂಡಲೇ ಹಗ್ಗ ಬಿಡು. ಹಗ್ಗವನ್ನ ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡ. ಬಿದ್ದೂ ಹಗ್ಗ ಬಿಡದವನನ್ನ ಎತ್ತು ಮಡಿ ತುಂಬ ಎಳೆದಾಡ್ತದೆ. ಬಿದ್ದಿದ್ದಕ್ಕಿಂತ ಬಿಡದೆ ಇದ್ದಿದ್ದಕ್ಕೆ ಗಾಯ ಜಾಸ್ತಿ.

ಈ ನಾಲ್ಕರಲ್ಲಿ ಮೊದಲ ಮೂರನ್ನ ಹೇಳಿಕೊಟ್ಟರೆ ಕಲೀತಾರೆ. ನಾಲ್ಕನೇದು ಮಾತಿನಲ್ಲಿ ಬರಲ್ಲ. ಭಯ ಆದಾಗ ಮುಷ್ಟಿ ತಾನಾಗೇ ಬಿಗಿಯಾಗ್ತದೆ. ಮುಷ್ಟಿ ಬಿಡೋದನ್ನ ಮೈ ಕಲೀಬೇಕಾದರೆ ಒಂದು ಸಲ ಬೀಳಲೇಬೇಕು. ಇಲ್ಲಿಂದಲೇ ನನ್ನ ಪ್ರಶ್ನೆ ಗಟ್ಟಿಯಾಗ್ತದೆ. ಬೀಳದೆ ಕಲಿಯೋಕೆ ಆಗಲ್ಲ ಅಂದಮೇಲೆ, ಬೀಳಿಸೋದು ಗುರುವಿನ ಧರ್ಮ ಆಯ್ತಾ?

ಹೌದು ಅನ್ನೋರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದರು. ಕಪಿಲೆ ಬಾವಿಗಳು ತುಂಬಿದ್ದ ಕಾಲದಲ್ಲಿ ಈಜು ಕಲಿಸೋ ಒಂದು ಮೊಂಡು ದಾರಿ ಇತ್ತು. ಹುಡುಗನನ್ನ ಹಿಂದಿನಿಂದ ಬಾವಿಗೆ ನೂಕೋದು. ಮೀನಿನ ಮರಿಗೆ ಈಜು ಕಲಿಸಬೇಕಾ ಅಂತ ನಗೋದು. ಎದ್ದು ಬಂದವರು ದೊಡ್ಡವರಾಗಿ, ನಮ್ಮನ್ನ ಹಿಂಗೇ ನೂಕಿದ್ರು, ನಾವು ಕಲಿತಿಲ್ವಾ ಅಂತಾರೆ. ಆ ಮಾತಿನಲ್ಲಿ ಒಂದು ಮೋಸ ಐತೆ. ಎದ್ದು ಬಂದವರು ಮಾತ್ರ ಹಂಗೆ ಹೇಳೋಕೆ ಸಾಧ್ಯ. ಬಾರದವರು ಹೇಳೋಕೆ ಇಲ್ಲ. ಇನ್ನು ಕೆಲವರು ಬದುಕಿ ಬಂದರು, ಆದರೆ ಆಮೇಲೆ ಜನ್ಮ ಪೂರ್ತಿ ನೀರಿನ ಹತ್ತಿರ ಹೋಗಲಿಲ್ಲ. ಅವರು ಕಲಿತಿದ್ದು ಭಯವನ್ನ, ಈಜನ್ನಲ್ಲ. ಮನುಷ್ಯನ ಮರಿ ಮೀನಿನ ಮರಿ ಅಲ್ಲ.

ಅದೇ ಊರಿನಲ್ಲೇ ಬೇರೆ ದಾರಿಯೂ ಇತ್ತು. ಒಣಗಿದ ಸೋರೆಬುರುಡೆಯನ್ನೋ ಕತ್ತಾಳೆ ಬೆಂಡನ್ನೋ ಬೆನ್ನಿಗೆ ಕಟ್ಟೋದು, ಸೊಂಟಕ್ಕೆ ಹಗ್ಗ ಬಿಗಿಯೋದು, ಆ ಹಗ್ಗದ ತುದಿ ಹಿಡಿದು ಮಾವನೋ ಚಿಕ್ಕಪ್ಪನೋ ಮೆಟ್ಟಿಲ ಮೇಲೆ ನಿಲ್ಲೋದು. ಮೊದಲು ಕಾಲು ಬಡಿಯೋದು, ಆಮೇಲೆ ಉಸಿರು ಹಿಡಿದು ಮುಖ ಮುಳುಗಿಸೋದು. ದಿನ ಕಳೆದಂಗೆ ಬೆಂಡು ಚಿಕ್ಕದಾಗ್ತಿತ್ತು. ಒಂದು ದಿನ ಹಗ್ಗ ಸಡಿಲ ಬಿಟ್ಟಿರೋದು ಹುಡುಗನಿಗೆ ಗೊತ್ತೇ ಆಗ್ತಿರಲಿಲ್ಲ. ಅವನೂ ಮುಳುಗ್ತಿದ್ದ, ನೀರು ಕುಡೀತಿದ್ದ, ಕೆಮ್ಮುತಿದ್ದ. ಬೀಳೋದು ಎರಡು ದಾರಿಯಲ್ಲೂ ಒಂದೇ. ಆದರೆ ಇವನಿಗೆ ಬೀಳೋಕೆ ಒಂದು ಜಾಗ ಮಾಡಿಕೊಟ್ಟಿದ್ರು.

ನನ್ನ ಉತ್ತರ ಇದೇ. ಕಲಿಯುವವನು ಬೀಳಬೇಕು. ಅವನನ್ನ ಬೀಳಿಸುವುದು ಗುರುವಿನ ಕೆಲಸ ಅಲ್ಲ, ಬೀಳದಂತೆ ಹಿಡಿಯುವುದೂ ಅಲ್ಲ. ಬಿದ್ದರೆ ಸಾಯದಂಥ, ಮುರಿಯದಂಥ, ಮಾನ ಹೋಗದಂಥ ಜಾಗವನ್ನ ಮೊದಲೇ ಸಿದ್ಧ ಮಾಡಿಡುವುದು ಅವನ ಧರ್ಮ. ಹಲಗೆ ಕಟ್ಟೋಕೆ ಮುಂಚೆ ಅಪ್ಪ ಮಡಿ ಪೂರ್ತಿ ಕಾಲಾಡಿಸಿ ಕಲ್ಲು, ಕೊಳೆ, ಮುಳ್ಳು ತೆಗೀತಿದ್ದ. ಅದು ನೆಲಕ್ಕೆ ಮಾಡಿದ ಕೆಲಸ ಅಂತ ಚಿಕ್ಕವರಿದ್ದಾಗ ಅನ್ಕೊಂಡಿದ್ದೆವು. ಬೀಳೋ ಹುಡುಗನಿಗೆ ಮಾಡಿದ ಕೆಲಸವೂ ಅದೇ ಆಗಿತ್ತು.

ಗುರುವೇ ಇಲ್ಲದವನು ಏನು ಮಾಡಬೇಕು ಅಂತ ಕೇಳಬಹುದು. ಅದಕ್ಕೂ ಒಂದು ಕಥೆ ಐತೆ. ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ ಲೇಕ್ ಸಿಟಿ ಅಂತ ಒಂದು ಊರು, ಅಲ್ಲಿ ಪೆಪಿನ್ ಅನ್ನೋ ದೊಡ್ಡ ಸರೋವರ. 1922ರಲ್ಲಿ ಅಲ್ಲಿನ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ ಹದಿನೆಂಟರ ಹುಡುಗ, ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವಂಗೆ ನೀರಿನ ಮೇಲೂ ಜಾರಬಹುದು ಅಂದ. ಅವತ್ತಿಗೆ ಅದನ್ನ ಹೇಳಿಕೊಡೋರು ಯಾರೂ ಇರಲಿಲ್ಲ. ಪೀಪಾಯಿಯ ಹಲಗೆ ಕಟ್ಟಿ ನೋಡಿದ, ಮುಳುಗಿದ. ಹಿಮದ ಹಲಗೆ ಕಟ್ಟಿ ನೋಡಿದ, ಮುಳುಗಿದ. ಕೊನೆಗೆ ಎಂಟಡಿ ಉದ್ದದ ಪೈನ್ ಮರದ ಹಲಗೆ ತಂದು, ತಾಯಿ ಬಟ್ಟೆ ಬೇಯಿಸೋ ಹಂಡೆಯ ಬಿಸಿನೀರಿನಲ್ಲಿ ಅದರ ತುದಿ ಮೆದು ಮಾಡಿ ಮೇಲಕ್ಕೆ ಬಗ್ಗಿಸಿದ. ಕೈಗೆ ಹಿಡಿಯೋಕೆ ಕಮ್ಮಾರನ ಹತ್ತಿರ ಕಬ್ಬಿಣದ ಬಳೆ ಮಾಡಿಸಿದ. ದೋಣಿ ಓಡಿಸಿದ್ದು ಅಣ್ಣ. ದಿನಗಟ್ಟಲೆ ಬಿದ್ದ ಮೇಲೆ, ಮೈಯನ್ನ ಹಿಂದಕ್ಕೆ ವಾಲಿಸಿ ಹಲಗೆಯ ತುದಿ ನೀರಿನಿಂದ ಮೇಲಿಟ್ಟರೆ ನಿಲ್ಲಬಹುದು ಅಂತ ಜುಲೈ 2ರಂದು ಅವನಿಗೆ ಸಿಕ್ಕಿತು. ದೋಣಿ ಹಿಂದೆ ಹಲಗೆ ಕಟ್ಟಿಕೊಂಡು ಜಾರೋ ಈಗಿನ ಆಟಕ್ಕೆ ಮೂಲ ಅದೇ.

ಈ ಕಥೆಯಲ್ಲಿ ಹುಡುಗನ ಹಟವನ್ನೇ ಎಲ್ಲರೂ ಹೊಗಳ್ತಾರೆ. ನನಗೆ ಕಾಣೋದು ಆ ಹಂಡೆ, ಆ ಕಮ್ಮಾರ, ಆ ಅಣ್ಣ, ಆ ಆಳದ ಸರೋವರ. ಅವನು ಬಿದ್ದಾಗಲೆಲ್ಲ ಕೆಳಗೆ ಇದ್ದಿದ್ದು ನೀರು. ಬಂಡೆ ಇದ್ದಿದ್ದರೆ ಒಂದೇ ಸಲಕ್ಕೆ ಹಟ ಮುಗೀತಿತ್ತು. ಯಾರೂ ಪೂರ್ತಿ ತಾನೊಬ್ಬನೇ ಕಲಿಯಲ್ಲ.

ಮೊಮ್ಮಗಳು ಇನ್ನೊಂದು ವಿಷಯ ಓದಿ ಹೇಳಿದಳು. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಈ ಆಟದಲ್ಲಿ ದೋಣಿ ಓಡಿಸುವವನು ಒಬ್ಬನೇ ಇದ್ದರೆ ಸಾಲದಂತೆ. ಹಿಂದಕ್ಕೆ ಮುಖ ಮಾಡಿ ಕೂತು, ಹಲಗೆ ಮೇಲಿರೋನನ್ನೇ ನೋಡ್ತಾ ಇರೋಕೆ ಇನ್ನೊಬ್ಬ ಬೇಕು. ಯಾಕಂದ್ರೆ ಓಡಿಸುವವನು ಮುಂದೆ ನೋಡಬೇಕು. ಅವನಿಗೆ ಬಿದ್ದವನು ಕಾಣಲ್ಲ. ಎಷ್ಟು ಸರಿಯಾದ ಏರ್ಪಾಡು ನೋಡಿ! ಎಳೆಯುವವನು ಕೆಟ್ಟವನಲ್ಲ. ಅವನ ಕಣ್ಣು ಮುಂದೆ ಐತೆ, ಅಷ್ಟೇ. ಹಂಗಾಗಿ ಹಿಂದೆ ನೋಡೋಕೆ ಅಂತಲೇ ಒಬ್ಬನನ್ನ ಇಡಬೇಕು.

ನಮ್ಮ ಸೀಮೆಯನ್ನ ಈಗ ಬಲವಾದ ದೋಣಿಗಳು ಎಳೀತಾ ಅವೆ. ಹಂದ್ರಿ ನೀವಾ ಕಾಲುವೆಯಲ್ಲಿ ಕೃಷ್ಣಾ ನದಿಯ ನೀರು ಬಂದು 2016ರಲ್ಲಿ ಪೆನುಕೊಂಡೆ ಹತ್ತಿರದ ಗೊಲ್ಲಪಲ್ಲಿ ಜಲಾಶಯಕ್ಕೆ ಬಿತ್ತು. ಎರ್ರಮಂಚಿ ಹತ್ತಿರದ ಕಿಯಾ ಕಾರ್ಖಾನೆಯಿಂದ 2019ರಲ್ಲಿ ಕಾರುಗಳು ಹೊರಬಂದವು. 2022ರಲ್ಲಿ ಜಿಲ್ಲೆಯೇ ಎರಡಾಗಿ ಪೆನುಕೊಂಡ ಹಿಂದೂಪುರ ಒಂದು ಕಡೆ, ಕಲ್ಯಾಣದುರ್ಗ ಇನ್ನೊಂದು ಕಡೆ ಆಯ್ತು. ಓದಿದ ಮಕ್ಕಳು ಬೆಂಗಳೂರಿಗೆ ಹೋದರು. ಎಳೆತ ಬಂದಾಗ ಕೈ ಚಾಚಿ ಹಿಡಿದವರು ಎದ್ದು ನಿಂತರು. ಅದು ಸಂತೋಷವೇ. ಆದರೆ ಹಿಂದೆ ನೋಡೋ ಆಳು ಯಾರು? ನಿಂತು ಬಿದ್ದವನನ್ನ, ನಿಲ್ಲೋಕೇ ಆಗದವನನ್ನ ನೋಡಿ "ನಿಲ್ಲಿಸು" ಅಂತ ಕೂಗೋನು ಯಾರು? ಊರು ಅಂತ ಒಂದು ಇರೋದು ಆ ಕೆಲಸಕ್ಕೆ ಅಂತ ನನ್ನ ನಂಬಿಕೆ.

ನೀರಿನ ವಿಷಯಕ್ಕೇ ಬರ್ತೀನಿ. ನಮ್ಮ ಸೀಮೆಯಲ್ಲಿ ನಡುವೆ ಒಂದು ತಲೆಮಾರು ನೀರಿಲ್ಲದೆ ಬೆಳೀತು. ಕಪಿಲೆ ಬಾವಿ ಬತ್ತಿದವು, ಮುಳ್ಳು ಬೆಳೆದವು, ಕೆಲವನ್ನ ಮುಚ್ಚಿದ್ರು. ನೀರು ಬೋರಿನೊಳಗೆ ಕೆಳಕ್ಕೆ ಇಳೀತು. ಬೋರಿನಲ್ಲಿ ಯಾರೂ ಈಜು ಕಲಿಯೋಕೆ ಆಗಲ್ಲ. ಆ ಮಕ್ಕಳಿಗೆ ನೀರು ಅಂದರೆ ಕೊಳಾಯಿ, ಬಿಂದಿಗೆ, ಟ್ಯಾಂಕರು. ಆಮೇಲೆ ಕಾಲುವೆ ಬಂತು, ಕೃಷಿ ಹೊಂಡ ಬಂದವು. 2021ರ ನವೆಂಬರಿನಲ್ಲಿ ಚಿತ್ರಾವತಿ, ಪೆನ್ನೇರು ಎರಡೂ ಉಕ್ಕಿ ಹರಿದವು. ನೀರು ವಾಪಸ್ ಬಂತು, ನೀರಿನ ವಿದ್ಯೆ ವಾಪಸ್ ಬರಲಿಲ್ಲ.

ಈಗಿನ ನೀರು ಹಳೇ ಬಾವಿ ನೀರಿನಂಥದ್ದಲ್ಲ ಅನ್ನೋದನ್ನ ಮೇಷ್ಟ್ರುಗಳು ಮಕ್ಕಳಿಗೆ ಬಿಡಿಸಿ ಹೇಳಬೇಕು. ಬಾವಿಗೆ ಮೆಟ್ಟಿಲು ಇತ್ತು, ಕಲ್ಲಿನ ಸಂದು ಇತ್ತು, ಹಿಡಿಯೋಕೆ ಬೇರು ಇತ್ತು. ಕೃಷಿ ಹೊಂಡಕ್ಕೆ ಹಾಸಿರೋದು ಪ್ಲಾಸ್ಟಿಕ್ ಹಾಳೆ. ಪಾಚಿ ಕಟ್ಟಿದ ಮೇಲೆ ಈಜು ಬಲ್ಲವನೂ ಅದರ ಇಳಿಜಾರು ಹತ್ತೋಕೆ ಆಗಲ್ಲ. ಕಾಲುವೆಯ ಸಿಮೆಂಟು ಗೋಡೆಯೂ ಅಷ್ಟೇ, ಮೇಲಿಂದ ನೋಡಿದರೆ ನೀರು ನಿಂತಂಗೆ ಕಾಣ್ತದೆ, ಒಳಗೆ ಎಳೆತ ಇರ್ತದೆ. ಬೀಳೋಕೆ ಜಾಗವೇ ಅಲ್ಲದ ಕಡೆ ನಮ್ಮ ಮಕ್ಕಳು ಬೀಳ್ತಾ ಅವೆ. ಬೇಸಿಗೆ ರಜ ಬಂತು ಅಂದರೆ ಪೇಪರು ತೆಗೆಯೋಕೆ ಭಯ ಆಗ್ತದೆ. ಒಬ್ಬನನ್ನ ಉಳಿಸೋಕೆ ಇನ್ನೊಬ್ಬ ಇಳೀತಾನೆ, ಅವನನ್ನ ಉಳಿಸೋಕೆ ಮತ್ತೊಬ್ಬ. ಮುಳುಗೋನ ಮುಷ್ಟಿ ಬಿಗಿ ಅಂತ ಮೊದಲೇ ಹೇಳಿದೆನಲ್ಲ, ಅವನು ಸಿಕ್ಕಿದ್ದನ್ನ ಬಿಡಲ್ಲ, ಉಳಿಸೋಕೆ ಬಂದವನ ಕತ್ತನ್ನೂ ಬಿಡಲ್ಲ. ಅದಕ್ಕೇ ಇಳೀಬಾರದು. ಹಗ್ಗ ಎಸೀಬೇಕು, ಕೋಲು ಚಾಚಬೇಕು, ಸೀರೆ ಸೆರಗಾದರೂ ಬಿಡಬೇಕು, ಖಾಲಿ ಕ್ಯಾನು ಮುಚ್ಚಳ ಬಿಗಿ ಮಾಡಿ ತೇಲಿಬಿಡಬೇಕು, ಕೂಗಿ ಜನ ಸೇರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಲ್ಲಿ 2021ರ ಒಂದೇ ವರ್ಷ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರಂತೆ. ಸ್ಕೂಲಿಗೆ ಹೋಗೋ ವಯಸ್ಸಿನ ಮಕ್ಕಳಿಗೆಲ್ಲ ಈಜಿನ ಮೊದಲ ಪಾಠ, ನೀರಿನ ಎಚ್ಚರಿಕೆ, ತಾನು ಅಪಾಯಕ್ಕೆ ಬೀಳದೆ ಇನ್ನೊಬ್ಬರನ್ನ ಉಳಿಸೋ ಬಗೆ, ಈ ಮೂರನ್ನೂ ಕಲಿಸಬೇಕು ಅಂತ ಅವರು ಹೇಳ್ತಾರೆ. ಜುಲೈ 25ನ್ನ ಇದಕ್ಕೇ ಒಂದು ದಿನ ಅಂತ ವಿಶ್ವಸಂಸ್ಥೆ ಗೊತ್ತು ಮಾಡೈತೆ. ನಮ್ಮ ಸ್ಕೂಲುಗಳಲ್ಲಿ ಎಷ್ಟೋ ದಿನಾಚರಣೆ ಮಾಡ್ತೀವಿ. ಇದನ್ನೂ ಮಾಡಬಹುದು.

ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ವಾದ ನಡೀತು. ಮೊಮ್ಮಗಳಿಗೆ ಈಜು ಕಲಿಸ್ತೀನಿ ಅಂದೆ. ನನ್ನ ಮಗ ಬೇಡ ಅಂದ. "ಅಪ್ಪಾ, ಹೊಂಡದಿಂದ ಹುಡುಗನನ್ನ ಎತ್ತಿದಾಗ ಒಂದು ಕಡೆ ಹಿಡಿದವನು ನಾನೇ. ಆ ತೂಕ ನಿನಗೆ ಗೊತ್ತಿಲ್ಲ. ನೀರಿನ ಹತ್ತಿರ ಹೋಗದಿದ್ದರೆ ಸಾಯಲ್ಲ, ಅಷ್ಟು ಸಾಕು ನನಗೆ" ಅಂದ. ಅವನ ಮಾತು ಸುಳ್ಳಲ್ಲ. ಅಂಥಾ ಅಪ್ಪನಿಗೆ ಧೈರ್ಯ ಹೇಳೋಕೆ ಹೋಗಬಾರದು. ನಾನು ಕೇಳಿದ್ದು ಒಂದೇ. "ನೀನು ಇರೋ ತನಕ ಅವಳನ್ನ ನೀರಿಂದ ದೂರ ಇಡ್ತೀಯ. ನೀನು ಇಲ್ಲದ ಕಡೆ ನೀರೇ ಅವಳ ಹತ್ತಿರ ಬಂದರೆ?" ಎರಡು ದಿನ ಅವನು ಮಾತಾಡಲಿಲ್ಲ. ಮೂರನೇ ದಿನ, ಕಲಿಸು, ಆದರೆ ಹಗ್ಗ ನಾನೇ ಹಿಡೀತೀನಿ ಅಂದ. ಭಯ ಇರೋನು ಹಗ್ಗ ಹಿಡಿಯೋದೇ ಒಳ್ಳೇದು. ಅವನ ಕಣ್ಣು ಅತ್ತಿತ್ತ ಹೋಗಲ್ಲ. ಭಯವನ್ನ ಬೇಲಿ ಮಾಡಿಕೊಂಡರೆ ಮಕ್ಕಳು ಒಳಗೇ ಉಳೀತಾರೆ, ಅದೇ ಭಯವನ್ನ ಹಗ್ಗ ಮಾಡಿಕೊಂಡರೆ ಕಲೀತಾರೆ.

ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ನೀರು ಹೊತ್ತವರು ಅವರು. ಕೆರೆಯಲ್ಲಿ ಬಟ್ಟೆ ಒಗೆದವರು ಅವರು, ದನಕ್ಕೆ ನೀರು ಕುಡಿಸಿದವರು ಅವರು. ಈಜು ಕಲಿತವರು ಮಾತ್ರ ಗಂಡುಹುಡುಗರು. ಹಲಗೆ ಮೇಲೆ ನಿಂತವರೂ ನಾವೇ. ಹುಡುಗ ಕೆಸರಿಗೆ ಬಿದ್ದರೆ ಊರು ನಗ್ತದೆ, ಅವನೂ ನಗ್ತಾನೆ, ಮುಗೀತು. ಹುಡುಗಿ ಬಿದ್ದರೆ ಮಾತಾಡಿಕೊಳ್ತಾರೆ. ಬೀಳೋಕೆ ಜಾಗ ಇಲ್ಲದವಳಿಗೆ ಕಲಿಯೋಕೂ ಜಾಗ ಇಲ್ಲ. ಇದನ್ನ ನಾವು ಮರ್ಯಾದೆ ಅಂತ ಕರೆದುಕೊಂಡು ಬಂದಿದ್ದೀವಿ.

ಸ್ಕೂಲಿನಲ್ಲೂ ಇದೇ ಮಾತು. ನಮ್ಮ ಗಡಿ ಮಕ್ಕಳ ಬಾಳು ನಿಮಗೆ ಗೊತ್ತಲ್ಲ. ಮನೇಲಿ ಕನ್ನಡ, ಸಂತೇಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ಮೂರು ಹಲಗೆ ಮೇಲೆ ಎರಡು ಕಾಲು. ಕನ್ನಡದ ಮಾತಿಗೆ ತೆಲುಗು ಸೇರಿಸ್ತಾರೆ, ತೆಲುಗಿಗೆ ಕನ್ನಡ ಸೇರಿಸ್ತಾರೆ, ಇಂಗ್ಲಿಷಿನಲ್ಲಿ ತಡವರಿಸ್ತಾರೆ. ತಪ್ಪು ಮಾತು ಅಂದರೆ ನಾಲಿಗೆ ಬೀಳೋದು. ಆಗ ಕ್ಲಾಸೆಲ್ಲ ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯಲ್ಲ. ನಗೋ ಬಾಯಿಗಳನ್ನ ಮೊದಲು ಸುಮ್ಮನಿರಿಸಿ, ಆಮೇಲೆ ತಪ್ಪು ತಿದ್ದುವ ಮೇಷ್ಟ್ರು ಕಲ್ಲು ಆರಿಸಿದ ಗದ್ದೆಯಂಥವರು. ಅಂಥವರ ಹತ್ತಿರ ಮಕ್ಕಳು ಧೈರ್ಯವಾಗಿ ಬೀಳ್ತಾರೆ.

ಹಾಡಿನ ಮೇಳದಲ್ಲೂ ಹೊಸಬನನ್ನ ಹಿಂದೆ ನಿಲ್ಲಿಸ್ತೀವಿ. ಮುಂದಿನವನು ಸೊಲ್ಲು ಎತ್ತಿಕೊಡ್ತಾನೆ, ಹಿಂದಿನವರು ಹಿಡೀತಾರೆ. ಹೊಸಬ ಆ ದನಿಯನ್ನ ಹಗ್ಗದ ಹಂಗೆ ಹಿಡಿದು ಹೋಗ್ತಾನೆ. ತನ್ನ ದನಿ ಕೇಳಿಸಬೇಕು ಅಂತ ಮೊದಲ ದಿನವೇ ಎಳೆದರೆ ತಾಳ ಕೆಡ್ತದೆ. ಹೋಗ್ತಾ ಹೋಗ್ತಾ ಒಂದು ರಾತ್ರಿ, ಜನ ಅರ್ಧ ನಿದ್ದೆಯಲ್ಲಿರೋ ಹೊತ್ತು ನೋಡಿ, ಮುಂದಿನವನು ಬೇಕಂತಲೇ ದನಿ ಇಳಿಸ್ತಾನೆ. ಹೊಸಬನ ದನಿ ಒಂಟಿಯಾಗ್ತದೆ. ತಪ್ಪಿದರೆ ತಮಟೆಯವನು ಒಂದು ಸುತ್ತು ಜೋರು ಬಾರಿಸಿ ಮುಚ್ಚಿಬಿಡ್ತಾನೆ. ಅದೇ ಕೆಲಸವನ್ನ ಜಾತ್ರೆಯ ಮುಂದಿನ ಸಾಲಿನವರ ಎದುರು ಮಾಡಿದರೆ ಅದು ಕಲಿಸೋದಲ್ಲ, ಸೇಡು ತೀರಿಸಿಕೊಳ್ಳೋದು. ಬಿಡೋದು ಒಂದೇ ಕೆಲಸ. ಯಾವ ಹೊತ್ತಿನಲ್ಲಿ, ಎಂಥ ಜಾಗದಲ್ಲಿ ಬಿಟ್ಟೆ ಅನ್ನೋದರ ಮೇಲೆ ಅದು ಪುಣ್ಯವೋ ಪಾಪವೋ ಆಗ್ತದೆ.

ಕಲಿಯುವವನ ಪಾಲಿಗೂ ಒಂದು ಧರ್ಮ ಐತೆ. ಬಿದ್ದೆ ಅಂತ ಒಪ್ಪಿಕೊಳ್ಳೋದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಒಣ ನೆಲದಲ್ಲಿ ನಡೀಬಹುದು, ಕೆಸರುಗದ್ದೆಯಲ್ಲಿ ನಡಿಯಲ್ಲ. ಮೀಸೆ, ಕಣ್ಣು, ಕಿವಿ ಎಲ್ಲಾ ಮಣ್ಣೇ. ಅಲ್ಲಿ ಎಲ್ಲರೂ ಬಿದ್ದವರೇ ಆದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ಗದ್ದೆ ನಮಗೆ ಕೊಟ್ಟ ದೊಡ್ಡ ಸಮಾನತೆ ಅದು.

ಕೊನೆಗೆ ಕಷ್ಟದ ಮಾತು. ಬಿದ್ದು ಕಲಿ ಅಂತ ಎಲ್ಲರಿಗೂ ಹೇಳೋಕೆ ಆಗಲ್ಲ. ಇದ್ದವನು ವ್ಯಾಪಾರದಲ್ಲಿ ಒಂದು ಸಲ ಬಿದ್ದರೆ ಅದನ್ನ ಅನುಭವ ಅಂತಾರೆ. ಕಡಲೆಕಾಯಿ ಹಾಕಿದ ರೈತ ಒಂದು ಸಲ ಬಿದ್ದರೆ ಸಾಲ ಅಂತಾರೆ. ಎರಡನೇ ಸಲ ಬಿದ್ದರೆ ಹೊಲ ಹೋಗ್ತದೆ. ಇಬ್ಬರೂ ಬಿದ್ದಿದ್ದು ಒಂದೇ ಎತ್ತರದಿಂದ. ಕೆಳಗಿದ್ದ ನೆಲ ಬೇರೆ. ಅದಕ್ಕೇ ಬಿದ್ದವನನ್ನ ನೋಡಿ, ಇವನಿಗೆ ಧೈರ್ಯ ಸಾಲದು ಅನ್ನೋಕೆ ಮುಂಚೆ, ಇವನು ಬಿದ್ದ ಕಡೆ ಏನಿತ್ತು, ಕೆಸರೋ ಬಂಡೆಯೋ ಅಂತ ಬಗ್ಗಿ ನೋಡಬೇಕು. ಬೆಳೆ ವಿಮೆ, ಸಹಕಾರ ಸಂಘ, ಕೈಸಾಲ ಕೊಟ್ಟು ಬಡ್ಡಿ ಕೇಳದ ನೆಂಟ, ಇವೆಲ್ಲ ಕೆಸರಿನ ಕೆಲಸ ಮಾಡಬೇಕಾದಂಥವು.

ನಮ್ಮ ಹಳಬರಿಗೆ ಈ ಬುದ್ಧಿ ಇತ್ತು. 1388ರ ಒಂದು ಶಾಸನ ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಪೆನುಗೊಂಡೆಯಲ್ಲಿ ಆಳ್ತಿದ್ದ ಬುಕ್ಕರಾಯ, ಎರಡನೇ ಹರಿಹರನ ಮಗ, ಹೆನ್ನೆ ನದಿಯನ್ನ ಅಂದರೆ ನಮ್ಮ ಪೆನ್ನೇರನ್ನ ಪೆನುಗೊಂಡೆಗೆ ತರಬೇಕು ಅಂತ ಸಿಂಗಾಯಭಟ್ಟ ಅನ್ನೋ ನೀರಿನ ವಿದ್ಯೆ ಬಲ್ಲವನಿಗೆ ಹೇಳಿ ಕಾಲುವೆ ತೆಗೆಸಿದ್ದು ಅದರಲ್ಲಿ ಬರೆದೈತೆ. ಅಂಥವರು ಈ ಸೀಮೆಯಲ್ಲಿ ಕೆರೆ ಕಟ್ಟಿದಾಗ ನೀರು ಹಿಡಿಯೋ ಏರಿ ಕಟ್ಟಿದರು, ಬೇಕಾದಾಗ ಬಿಡೋ ತೂಬು ಇಟ್ಟರು, ತುಂಬಿ ಹೆಚ್ಚಾದಾಗ ತಾನಾಗಿ ಹೋಗೋಕೆ ಕೋಡಿ ಮಾಡಿದರು. ಕೋಡಿ ಇಲ್ಲದ ಕೆರೆ ಎಷ್ಟು ಗಟ್ಟಿ ಏರಿ ಇದ್ದರೂ ಒಂದು ಮಳೆಗೆ ಒಡೀತದೆ. ಕೋಡಿ ಬಿದ್ದ ನೀರು ಹೋಗೋಕೆ ಹಳ್ಳವನ್ನೂ ಬಿಟ್ಟಿದ್ರು, ಆ ನೀರು ಕೆಳಗಿನ ಊರಿನ ಕೆರೆಗೆ ಸೇರ್ತಿತ್ತು. ಹಿಡಿಯೋ ವಿದ್ಯೆ, ಬಿಡೋ ವಿದ್ಯೆ, ಬಿಟ್ಟದ್ದು ಹೋಗಿ ಬೀಳೋಕೆ ಜಾಗ, ಮೂರನ್ನೂ ಕಲ್ಲಿನಲ್ಲಿ ಕಟ್ಟಿ ಹೋಗಿದ್ದಾರೆ.

ಓದಿ ಮಡಚಿ ಇಡೋಕೆ ಇಷ್ಟು ಬರೆಯಲಿಲ್ಲ. ಊರಿನ ಮುಂದೆ ಮೂರು ಮಾತು ಇಡ್ತೀನಿ. ಹೊಂಡ ಇರೋ ಪ್ರತಿ ರೈತ ಎರಡು ಕಡೆ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗವನ್ನ ನೀರಿನ ತನಕ ಇಳಿಬಿಡಲಿ. ಒಂದೆರಡು ಹಳೇ ಟ್ಯೂಬು ಗಾಳಿ ತುಂಬಿ ಕಟ್ಟಿಡಲಿ, ಸುತ್ತ ಬೇಲಿ ಹಾಕಲಿ. ಇದಕ್ಕೆ ಬರೋ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ. ಎರಡನೇದು, ಕೆರೆಯ ಹಿನ್ನೀರಿನಲ್ಲಿ ಸೊಂಟದುದ್ದ ನೀರಿರೋ, ಹೂಳಿಲ್ಲದ ಒಂದು ಕಡೆ ನೋಡಿ, ಕಾಲಾಡಿಸಿ ಕಲ್ಲು ತೆಗೆದು, ಹುಡುಗ ಹುಡುಗಿ ಅನ್ನದೆ ಮಕ್ಕಳಿಗೆ ಈಜು ಕಲಿಸೋಣ. ಕಲಿಸೋಕೆ ಒಬ್ಬ, ಹಗ್ಗ ಹಿಡಿಯೋಕೆ ಒಬ್ಬ, ನೋಡ್ತಾ ಇರೋಕೆ ಅಂತಲೇ ಇನ್ನೊಬ್ಬ. ಹೆಣ್ಣುಮಕ್ಕಳಿಗೆ ಕಲಿಸೋಕೆ ಹೆಂಗಸರೇ ಮುಂದೆ ಬಂದರೆ ಇನ್ನೂ ಒಳ್ಳೇದು. ಮೂರನೇದು, ವಾಚನಾಲಯದ ಗೋಡೆ ಮೇಲೆ ಹಲಗೆಯ ಆ ನಾಲ್ಕು ಮಾತನ್ನ ದೊಡ್ಡ ಅಕ್ಷರದಲ್ಲಿ ಬರೆಸೋಣ. ಆತುರ ಬೇಡ, ಎಳೀಬೇಡ, ಮುಂದೆ ನೋಡು, ಬೀಳುವಾಗ ಬಿಡು.

ಮೇಷ್ಟ್ರುಗಳು ಒಪ್ಪಿದರೆ ಯುಗಾದಿ ಕಳೆದ ಮೇಲಿನ ಮೊದಲ ಭಾನುವಾರ ಶುರು ಮಾಡಬಹುದು. ಹಗ್ಗ ನಾನು ತರ್ತೀನಿ.